ಎಡಿಟರ್ ಮಸುಕಾಗಿಸಿದ ಕೋಡ್ ನಿಜಕ್ಕೂ ನಿಷ್ಕ್ರಿಯವೇ?

ಸಿ ಅಥವಾ ಸಿ ಪ್ಲಸ್ ಪ್ಲಸ್ ಫೈಲ್ ತೆರೆದಾಗ ‘#ಇಫ್‌ಡೆಫ್’ ಮತ್ತು ‘#ಎಂಡಿಫ್’ ನಡುವಿನ ಸಾಲುಗಳು, ಅಂದರೆ ಒಂದು ಮ್ಯಾಕ್ರೋ (‘#ಡಿಫೈನ್’ನಂಥದ್ದರಿಂದ ಗೊತ್ತುಮಾಡಿದ ಹೆಸರು) ಇದ್ದರೆ ಮಾತ್ರ ಕಂಪೈಲ್ ಆಗುವ ಸಾಲುಗಳು, ಕೆಲವೊಮ್ಮೆ ಮಸುಕಾಗಿ ಕಾಣುತ್ತವೆ. ಈ ಭಾಗ ಕಂಪೈಲ್ ಆಗುವುದಿಲ್ಲ ಎಂದು ಎಡಿಟರ್ ಅಂದಾಜಿಸಿದೆ, ಅಷ್ಟೇ. ಅದಕ್ಕೆ ಗೊತ್ತಿರುವ ಮ್ಯಾಕ್ರೋಗಳೂ ಬಿಲ್ಡ್‌ಗೆ (ಇಡೀ ಪ್ರೋಗ್ರಾಂ ಕಂಪೈಲ್ ಮಾಡುವ ಕ್ರಿಯೆಗೆ) ಕೊಟ್ಟ ಮ್ಯಾಕ್ರೋಗಳೂ ಬೇರೆಯಾದರೆ ಅಂದಾಜು ತಪ್ಪುತ್ತದೆ. ಮಸುಕಾಗಿದೆಯಲ್ಲ ಎಂದು ನಾನೊಮ್ಮೆ ಒಂದಿಡೀ ಭಾಗ ಅಳಿಸಿದ್ದೆ. ಬಳಕೆದಾರರಿಗೆ ಕೊಡುವ ರಿಲೀಸ್ ಬಿಲ್ಡ್ ನಡೆಯುತ್ತಿದ್ದುದೇ ಅದರಿಂದ.

ಹಾಗಾಗಿ ಮೊದಲು ಕಂಪೈಲರನ್ನೇ ಕೇಳಿ. ಅನುಮಾನವಿರುವ ಭಾಗದೊಳಗೆ ‘#ಎರರ್ ಪರೀಕ್ಷೆ’ ಎಂದು ಒಂದು ಸಾಲು ಸೇರಿಸಿ ಬಿಲ್ಡ್ ಮಾಡಿ. ಆ ಸಾಲಿನಲ್ಲೇ ಎರರ್ ಬಂದರೆ ಭಾಗ ಸಕ್ರಿಯ. ಬರದಿದ್ದರೆ, ಈ ಫೈಲ್ ಬಿಲ್ಡ್‌ನಲ್ಲಿ ಸೇರಿದೆಯೇ ಎಂದೂ ನೋಡಿಕೊಳ್ಳಿ. ಆಮೇಲೆ ಆ ಸಾಲನ್ನು ತೆಗೆಯಲು ಮರೆಯಬೇಡಿ.

ಈಗ ಮ್ಯಾಕ್ರೋ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಕೋಡ್‌ನಲ್ಲೆಲ್ಲೂ ‘#ಡಿಫೈನ್’ ಸಿಗದಿದ್ದರೆ ಅದು ಬಹುಪಾಲು ಬಿಲ್ಡ್ ಕಮಾಂಡಿನ ‘-ಡಿ’ ಆಯ್ಕೆಯಿಂದ ಬಂದಿರುತ್ತದೆ. ಹೆಸರಿನ ಕಾಗುಣಿತವನ್ನೂ ಅಕ್ಷರಶಃ ನೋಡಿ: ‘#ಇಫ್’ನಲ್ಲಿ ಗೊತ್ತಿಲ್ಲದ ಹೆಸರನ್ನು ಸೊನ್ನೆ ಎಂದೇ ಎಣಿಸಲಾಗುತ್ತದೆ, ಎರರ್ ಬರುವುದಿಲ್ಲ. ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳಲ್ಲಿ ‘-ಡಬ್ಲ್ಯೂಅನ್‌ಡೆಫ್’ ಕೊಟ್ಟರೆ ಎಚ್ಚರಿಕೆ ಸಿಗುತ್ತದೆ.

ಅದೇ ಮಾಹಿತಿಯನ್ನು ಎಡಿಟರಿಗೂ ಕೊಡಿ. ಕೈಯಾರೆ ಪಟ್ಟಿ ಬರೆಯಬಹುದು, ಆದರೆ ಬಿಲ್ಡ್ ಬದಲಾದ ದಿನ ಅದು ಹಳತಾಗುತ್ತದೆ. ‘ಕಂಪೈಲ್_ಕಮಾಂಡ್ಸ್.ಜೇಸನ್’ ಫೈಲೇ ಒಳ್ಳೆಯದು. ಪ್ರತಿ ಫೈಲನ್ನು ಯಾವ ಆಯ್ಕೆಗಳೊಂದಿಗೆ ಕಂಪೈಲ್ ಮಾಡಲಾಯಿತು ಎಂಬುದು ಅದರಲ್ಲಿರುತ್ತದೆ. ಬಿಲ್ಡ್ ಫೈಲ್‌ಗಳನ್ನು ಸಿದ್ಧಪಡಿಸುವ ಸಿಮೇಕ್ ಟೂಲ್ ಬಳಸುವವರು ‘ಸಿಮೇಕ್_ಎಕ್ಸ್‌ಪೋರ್ಟ್_ಕಂಪೈಲ್_ಕಮಾಂಡ್ಸ್’ ಆನ್ ಮಾಡಿದರೆ ಸಾಕು. ಇದು ಮೇಕ್‌ಫೈಲ್ ಮತ್ತು ನಿಂಜಾ ಜನರೇಟರ್‌ಗಳಲ್ಲಿ (ಸಿಮೇಕ್ ಯಾವ ಬಗೆಯ ಬಿಲ್ಡ್ ಫೈಲ್ ಬರೆಯಬೇಕು ಎಂಬ ಆಯ್ಕೆ) ಕೆಲಸ ಮಾಡುತ್ತದೆ. ಸಿಮೇಕ್ ಇಲ್ಲದೆ ಬರೀ ಮೇಕ್ (ಬಿಲ್ಡ್ ನಡೆಸುವ ಟೂಲ್) ಇದ್ದರೆ ‘ಬೇರ್’ ಎಂಬ ಟೂಲ್ ಮೂಲಕ ಬಿಲ್ಡ್ ಓಡಿಸಿ. ಎಡಿಟರಿಗೆ ಕೋಡ್ ವಿಶ್ಲೇಷಿಸಿಕೊಡುವ ಕ್ಲ್ಯಾಂಗ್‌ಡಿ ಈ ಫೈಲನ್ನು ಮೇಲಿನ ಫೋಲ್ಡರ್‌ಗಳಲ್ಲೂ ಅವುಗಳೊಳಗಿನ ‘ಬಿಲ್ಡ್’ ಫೋಲ್ಡರಿನಲ್ಲೂ ತಾನೇ ಹುಡುಕುತ್ತದೆ. ವಿಎಸ್ ಕೋಡ್‌ನ ಸಿ/ಸಿ ಪ್ಲಸ್ ಪ್ಲಸ್ ಎಕ್ಸ್‌ಟೆನ್ಶನ್‌ಗಾದರೆ ಸೆಟ್ಟಿಂಗ್‌ನಲ್ಲಿ ಅದರ ಪಾತ್ ಕೊಡಬೇಕು. ಡಿಬಗ್ (ದೋಷ ಹುಡುಕಲು ಮಾಡುವುದು), ರಿಲೀಸ್ ಎರಡೂ ಬಿಲ್ಡ್‌ಗಳಿದ್ದರೆ ನೀವು ಬಿಲ್ಡ್ ಮಾಡುತ್ತಿರುವುದರ ಫೈಲನ್ನೇ ತೋರಿಸಿ.

ಇಷ್ಟಾದರೂ ಬೇರೆ ಫೈಲ್‌ಗಳು ತಮ್ಮೊಳಗೆ ಸೇರಿಸಿಕೊಳ್ಳುವ ಹೆಡರ್ ಫೈಲ್‌ಗಳು ಕಾಡುತ್ತವೆ. ಹೆಡರ್ ತಾನಾಗಿ ಕಂಪೈಲ್ ಆಗುವುದಿಲ್ಲ, ಆ ಪಟ್ಟಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಎಡಿಟರ್ ಬೇರೊಂದು ಫೈಲಿನ ಆಯ್ಕೆಗಳನ್ನು ಎರವಲು ಪಡೆಯುತ್ತದೆ. ಒಂದೇ ಹೆಡರನ್ನು ಎರಡು ಫೈಲ್‌ಗಳು ಬೇರೆ ಬೇರೆ ಮ್ಯಾಕ್ರೋಗಳೊಂದಿಗೆ ಸೇರಿಸಿಕೊಂಡಿದ್ದರೆ ಅದೇ ಭಾಗ ಒಂದರಲ್ಲಿ ಸಕ್ರಿಯ, ಇನ್ನೊಂದರಲ್ಲಿ ನಿಷ್ಕ್ರಿಯ. ಅಲ್ಲಿ ಎಡಿಟರ್ ಯಾವ ಬಣ್ಣ ತೋರಿಸಿದರೂ ಅರ್ಧ ಸತ್ಯವೇ. ಅಂಥ ಹೆಡರಿನಲ್ಲಿ ಏನನ್ನಾದರೂ ಅಳಿಸುವ ಮುನ್ನ ‘#ಎರರ್’ ಸಾಲು ಹಾಕಿ ಎಲ್ಲ ಬಿಲ್ಡ್‌ಗಳನ್ನೂ ಒಂದು ಸಲ ಓಡಿಸಿ.