ಜುಲೈ ಹದಿನೈದಕ್ಕೆ ಎಲ್ಲಿರ್ತೀ?

ಸುರಪುರ ತಾಲೂಕಿನ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಸೆಕೆಂಡ್ ಪಿಯುಸಿ ಮಕ್ಕಳಿಗೆ ಮುಂದಿನ ದಾರಿ ತೋರಿಸೋ ಕೆಲಸ ಮಾಡು ಅಂತ ನನಗೆ ಯಾರೂ ಹೇಳಿರಲಿಲ್ಲ. ಒಬ್ಬ ಹುಡುಗನಿಂದಾಗಿ ಅದನ್ನ ಹಚ್ಚಿಕೊಂಡೆ.

ಮೊದಲೆಲ್ಲ ನಾನೂ ಎಲ್ಲರ ಹಾಗೆ ಕ್ಲಾಸಲ್ಲಿ ಕೇಳುತ್ತಿದ್ದೆ, "ಮುಂದೆ ಏನಾಗ್ತೀರಿ?" ಅಂತ. ಪಿಎಸ್‌ಐ, ಡಾಕ್ಟರ್, ಟೀಚರ್ ಅಂತ ಒಬ್ಬೊಬ್ಬರೇ ಎದ್ದು ಹೇಳುತ್ತಿದ್ದರು. ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಆ ಹುಡುಗ "ಡಿ.ಸಿ. ಆಗ್ತೀನ್ರಿ ಮೇಡಂ" ಅಂದಿದ್ದ. ಆರ್ಟ್ಸ್‌ನಲ್ಲಿ ನೂರಕ್ಕೆ ಎಂಬತ್ತರ ಹತ್ತಿರ ಅಂಕ ತೆಗೆದ. ಆಗಸ್ಟ್ ತಿಂಗಳಲ್ಲಿ ಅವನ ಟಿ.ಸಿ. ಇನ್ನೂ ಕಾಲೇಜಿನಲ್ಲೇ ಇತ್ತು. ಫೋನ್ ಹಚ್ಚಿದರೆ ಹಿಂದೆ ಮಿಕ್ಸರ್ ಯಂತ್ರದ ಸದ್ದು. ಬೆಂಗಳೂರಿನಲ್ಲಿ ಅಪ್ಪ ಅವ್ವನ ಜೊತೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ.

"ಹಾಸ್ಟೆಲ್ ಲಿಸ್ಟ್ ಬರೋತನಕ ಎಲ್ಲಿರ್ಬೇಕ್ರಿ ಮೇಡಂ? ಮನ್ಯಾಗ ಯಾರೂ ಇರ್ಲಿಲ್ಲ. ಹಂಗಾಗಿ ಬಂದೆ."

ಅವನಿಗೆ ಆಸೆ ಕಮ್ಮಿ ಇರಲಿಲ್ಲ, ಅಂಕವೂ ಕಮ್ಮಿ ಇರಲಿಲ್ಲ. ಕಾಲೇಜು ಶುರುವಾಗೋದಕ್ಕೂ ಹಾಸ್ಟೆಲ್ ಸಿಗೋದಕ್ಕೂ ನಡುವೆ ಒಂದೂವರೆ ತಿಂಗಳು ಅವನಿಗೆ ಇರಲು ಜಾಗ ಇರಲಿಲ್ಲ. ಅಷ್ಟೇ. ನಾನು ಅದನ್ನ ಕೇಳಿಯೇ ಇರಲಿಲ್ಲ.

ಮರುವರ್ಷದಿಂದ ಪ್ರಶ್ನೆ ಬದಲಾಯಿಸಿದೆ. ದಸರಾ ರಜೆ ಮುಗಿದ ವಾರ ಪ್ರತಿಯೊಬ್ಬರ ಕೈಗೂ ಒಂದು ನೋಟ್‌ಬುಕ್ ಕೊಟ್ಟು ಮೊದಲ ಪುಟದಲ್ಲಿ ಬರೆಸಿದೆ: ಮುಂದಿನ ಜುಲೈ 15ಕ್ಕೆ ಎಲ್ಲಿರ್ತೀ? ಯಾರ ಮನೆಯಲ್ಲಿ ಮಲಗ್ತೀ? ಬೆಳಿಗ್ಗೆ ಎಷ್ಟು ಗಂಟೆ ಬಸ್ಸು? ಮೊದಲ ತಿಂಗಳ ರೊಕ್ಕ ಯಾರು ಕೊಡ್ತಾರೆ? ಕ್ಲಾಸಿನಲ್ಲಿ ಚಪ್ಪಾಳೆ ಬೀಳಲಿಲ್ಲ. ಸುಮಾರು ಹೊತ್ತು ಎಲ್ಲರೂ ಪೆನ್ ಹಿಡಿದು ಸುಮ್ನೆ ಕೂತಿದ್ದರು. ಆಮೇಲೆ ಒಬ್ಬಳು ಬರೆದಳು, "ಅಪ್ಪ ಪುಣೆಗೆ ಹೋದರೆ ನಾನೂ ಹೋಗಬೇಕು, ತಮ್ಮನ್ನ ನೋಡ್ಕೊಳ್ಳಾಕ." ಅಲ್ಲಿಂದ ನಿಜವಾದ ಮಾತು ಶುರುವಾಯಿತು.

ಇನ್ನು ಕಾಗದ ಪತ್ರ. ನಮ್ಮ ಕಡೆ ಮಕ್ಕಳು ಸೀಟು ಕಳಕೊಳ್ಳೋದು ಅಂಕದಿಂದ ಎಷ್ಟೋ, ಕಾಗದದಿಂದಲೂ ಅಷ್ಟೇ. ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ 371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 100ಕ್ಕೆ 70 ಸೀಟು ಈ ಭಾಗದ ಮಕ್ಕಳಿಗೆ. ರಾಜ್ಯದ ಉಳಿದ ಕಡೆ 100ಕ್ಕೆ 8. ಬೀದರ್‌ನಿಂದ ಬಳ್ಳಾರಿವರೆಗೆ ಏಳು ಜಿಲ್ಲೆಯವರಿಗೆ ಇದು ಎಷ್ಟು ದೊಡ್ಡ ಬಾಗಿಲು ಅಂತ ಮಕ್ಕಳಿಗೆ ಗೊತ್ತೇ ಇರೋದಿಲ್ಲ. ಆದರೆ ಇಲ್ಲಿ ಹುಟ್ಟಿದ ಮಾತ್ರಕ್ಕೆ ಅದು ಸಿಗೋದಿಲ್ಲ, ಸಹಾಯಕ ಆಯುಕ್ತರ ಸಹಿ ಇರೋ ಅರ್ಹತಾ ಪ್ರಮಾಣಪತ್ರ ಕೈಯಲ್ಲಿ ಇರಬೇಕು. ಅದು ಒಂದೇ ದಿನಕ್ಕೆ ಬರೋ ಕಾಗದ ಅಲ್ಲ. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿಯಲ್ಲಿ ಶುರುವಾಗುತ್ತದೆ. ಆಗ ಓಡಾಡಿದರೆ ತಡ. ಅದಕ್ಕೇ ನಾವು ನವೆಂಬರ್‌ನಲ್ಲೇ ಅರ್ಜಿ ಹಾಕಿಸುತ್ತೇವೆ.

ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಕ್ಕೂ ಹಾಗೆಯೇ. ಅದರ ಮೇಲೆ ಅಚ್ಚಾಗಿರೋ ಆರ್‌ಡಿ ನಂಬರ್, ಅಂದರೆ ಪ್ರಮಾಣಪತ್ರದ ಸಂಖ್ಯೆ, ಹಾಕಿದಾಗ ಬರೋ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹೆಸರು, ಆಧಾರ್ ಹೆಸರು ಮೂರೂ ಕೂಡಬೇಕು. ಒಂದರಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಇನ್ನೊಂದರಲ್ಲಿ ಇರೋದಿಲ್ಲ. ಡಿಸೆಂಬರ್‌ನ ಒಂದು ಶನಿವಾರ ಮೂರೂ ಕಾಗದ ತರಿಸಿ, ಪಕ್ಕದಲ್ಲಿ ಕೂತವರ ಹೆಸರನ್ನ ಅಕ್ಷರ ಅಕ್ಷರ ಓದಿಸುತ್ತೇನೆ. ತಮ್ಮ ಹೆಸರಿನ ತಪ್ಪು ತಮಗೆ ಕಾಣೋದಿಲ್ಲ, ಬೇರೆಯವರಿಗೆ ತಟ್ಟನೆ ಕಾಣುತ್ತದೆ.

ಈ ಓದಿಸೋದನ್ನ ನಾನು ಕಲಿತದ್ದು ಒಂದು ಪೆಟ್ಟು ತಿಂದ ಮೇಲೆ. ಮೊದಲ ವರ್ಷ ವಿಜ್ಞಾನ ವಿಭಾಗದ ಹುಡುಗಿಯೊಬ್ಬಳ ಸಿಇಟಿ ಅರ್ಜಿಯನ್ನ ಹೊರಗಿನ ನೆಟ್ ಸೆಂಟರ್‌ನಲ್ಲಿ ತುಂಬಿಸಿದ್ದೆವು. ಅವಳ ಹತ್ತಿರ 371(ಜೆ) ಪ್ರಮಾಣಪತ್ರ ಇತ್ತು. ಅರ್ಜಿಯ ಆ ಕಲಂ ಮುಂದೆ "ಇಲ್ಲ" ಅಂತ ಬಿದ್ದಿತ್ತು. ಪ್ರಿಂಟ್ ನನ್ನ ಕೈಗೂ ಬಂದಿತ್ತು, ಫೋಟೋ ಸರಿ ಇದೆಯಾ ನೋಡಿ ಫೈಲಿಗೆ ಹಾಕಿದೆ. ಗೊತ್ತಾದಾಗ ತಿದ್ದುಪಡಿಗೆ ಕೊಟ್ಟ ದಿನ ಮುಗಿದಿದ್ದವು. ಅವಳು ನನ್ನನ್ನ ಒಂದು ಮಾತೂ ಅನ್ನಲಿಲ್ಲ. ಮುಂದೆ ಬಿ.ಎಸ್ಸಿ. ಸೇರಿದಳು, ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೂ ಆ ಪ್ರಿಂಟ್ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಈಗ "ಸಬ್ಮಿಟ್" ಒತ್ತೋ ಮೊದಲು ಒಬ್ಬರು ಪರದೆ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಾಗದದ ಮೇಲೆ ಬೆರಳಿಟ್ಟು ಹೌದು ಅನ್ನಬೇಕು. ಹತ್ತು ನಿಮಿಷದ ಕೆಲಸ.

ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಇದೆ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಎರಡಕ್ಕೂ ಬರುತ್ತಾರೆ. ನಡುವೆ ಶಾಲೆ ಬಿಡಿಸಿ ಬೇರೆ ಕಡೆ ಕರಕೊಂಡು ಹೋಗಿದ್ದವರು ಮಾತ್ರ ಪ್ರತಿ ಶಾಲೆಯ ವ್ಯಾಸಂಗ ಪತ್ರವನ್ನೂ ಮೊದಲೇ ತೆಗೆದಿಡಬೇಕು.

ವಿಜ್ಞಾನದ ಮಕ್ಕಳಿಗೆ ಸಿಇಟಿ ಅಂದರೆ ಇಂಜಿನಿಯರಿಂಗ್ ಒಂದೇ ಅನ್ನೋ ಭಾವನೆ. ನಮ್ಮ ಪಕ್ಕದ ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲೇ ಕೃಷಿ ಕಾಲೇಜಿದೆ. ಕಲಬುರಗಿಯಲ್ಲೂ ಇದೆ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಅದರ ಮುಂದೆಯೇ ಬಸ್ಸಲ್ಲಿ ಹಾದುಹೋದವರಿಗೂ ಒಳಗೆ ಹೇಗೆ ಸೇರೋದು ಗೊತ್ತಿಲ್ಲ. ರೈತರ ಮಕ್ಕಳ ಕೋಟಾದಲ್ಲಿ ಬೇರೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಅದರ ಅಂಕವೂ ರ‍್ಯಾಂಕಿಗೆ ಸೇರುತ್ತದೆ. ಒಂದು ಸಂಜೆ ನಮ್ಮ ಜೀವಶಾಸ್ತ್ರದ ಸರ್ ಟೇಬಲ್ ಮೇಲೆ ಪೇಪರ್ ಹಾಸಿ ಸಣ್ಣ ಸಣ್ಣ ಕಾಳಿನ ಗುಡ್ಡೆ ಮಾಡಿದರು. ತೊಗರಿ, ಕಡಲೆ ಎಲ್ಲರೂ ಹೇಳಿದರು. ಮಡಕಿ, ಅಗಸಿ, ಗುರೆಳ್ಳು, ಕುಸುಬಿ ಬಂದಾಗ ಎಲ್ಲರೂ ತಡವರಿಸಿದರು. ಹಿಂದಿನ ಬೆಂಚಿನ ಹುಡುಗಿ, ವರ್ಷವಿಡೀ ಕ್ಲಾಸಲ್ಲಿ ಬಾಯಿ ಬಿಡದವಳು, ಮುಂದೆ ಬಂದು ಒಂದೊಂದನ್ನೂ ಬೆರಳಲ್ಲಿ ಸರಿಸುತ್ತಾ ಹೆಸರು ಹೇಳಿದಳು. ಯಾವುದನ್ನ ಮುಂಗಾರಿಗೆ ಬಿತ್ತುತ್ತಾರೆ, ಯಾವುದನ್ನ ಹಿಂಗಾರಿಗೆ ಅಂತಲೂ ಹೇಳಿದಳು. "ಇದು ಪರೀಕ್ಷಾದಾಗ ಕೇಳ್ತಾರೇನ್ರಿ ಸರ್?" ಅಂತ ಅವಳು ಕೇಳಿದ ದನಿ ನನಗೆ ಮರೆಯೋದಿಲ್ಲ. ತನಗೆ ಗೊತ್ತಿರೋದಕ್ಕೂ ಅಂಕ ಇದೆ ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು.

ಆಪ್ಷನ್ ಎಂಟ್ರಿ, ಅಂದರೆ ಸಿಇಟಿ ಸೀಟಿಗೆ ಬೇಕಾದ ಕಾಲೇಜುಗಳನ್ನ ಒಂದರ ಕೆಳಗೊಂದು ತುಂಬೋದು, ಅದರ ಬಗ್ಗೆ ಮಕ್ಕಳಿಗೆ ಜಾಸ್ತಿ ಭಯ. "ಇದು ನನಗೆಲ್ಲಿ ಸಿಗುತ್ತೆ" ಅಂತ ಇಷ್ಟದ ಕಾಲೇಜನ್ನ ಕೆಳಗೆ ಹಾಕುತ್ತಾರೆ. ಮೇಲಿನದು ಸಿಗದಿದ್ದರೆ ಯಂತ್ರ ತಾನಾಗಿ ಕೆಳಗಿನದಕ್ಕೆ ಹೋಗುತ್ತದೆ, ಮೇಲೆ ಹಾಕಿದ್ದರಿಂದ ಏನೂ ಕಳಕೊಳ್ಳೋದಿಲ್ಲ. ಆದರೆ ಸಿಕ್ಕರೂ ಹೋಗಲಾರದ ಕಾಲೇಜನ್ನ ಪಟ್ಟಿಗೆ ಹಾಕಲೇಬಾರದು. ಹಾಗಾಗಿ ಪ್ರತಿ ಕಾಲೇಜಿನ ಹೆಸರಿನ ಪಕ್ಕ ಮತ್ತೆ ಅದೇ ಪ್ರಶ್ನೆ: ಅಲ್ಲಿ ಎಲ್ಲಿರ್ತೀ?

ಆರ್ಟ್ಸ್ ಮಕ್ಕಳನ್ನ ಯಾರೂ ಕೂರಿಸಿಕೊಂಡು ಮಾತಾಡೋದಿಲ್ಲ. ನಮ್ಮಲ್ಲಿ ಅವರೇ ಜಾಸ್ತಿ. ಕಲಬುರಗಿಯಿಂದ ಆಳಂದಕ್ಕೆ ಹೋಗೋ ದಾರಿಯಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, 2009ರಲ್ಲಿ ಶುರುವಾದದ್ದು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆದರೆ ಆರ್ಟ್ಸ್ ಓದಿದವರಿಗೂ ಅಲ್ಲಿ ಪದವಿಗೆ ಸೀಟಿದೆ. ಹುಡುಗರಲ್ಲಿ ಅರ್ಧದಷ್ಟು ಜನರ ಆಸೆ ಪೊಲೀಸ್ ಕೆಲಸ. ಬೆಳಗಿನ ಜಾವ ಮೈದಾನದಲ್ಲಿ 1600 ಮೀಟರ್ ಓಡುತ್ತಾರೆ, ನೇಮಕಾತಿ ಓಟಕ್ಕೆ ಕೊಡೋ ಆರೂವರೆ ನಿಮಿಷದಲ್ಲಿ ಮುಗಿಯಿತಾ ಅಂತ ಮೊಬೈಲಲ್ಲಿ ನೋಡಿಕೊಳ್ಳುತ್ತಾರೆ. ಓಡಲಿ. ನಾನು ಅವರಿಗೆ ಹೇಳೋದು ಒಂದೇ: ಓಡುತ್ತಲೇ ಬಿ.ಎ. ಸೇರು. ನೇಮಕಾತಿ ಯಾವಾಗ ಕರೆಯುತ್ತಾರೋ ಯಾರು ಕಂಡರು, ಪದವಿ ಮೂರು ವರ್ಷಕ್ಕೆ ಮುಗಿಯುತ್ತದೆ. ಪಿಎಸ್‌ಐ ಹುದ್ದೆಗೆ ಪದವಿ ಬೇಕೇ ಬೇಕು.

ಸ್ಕಾಲರ್‌ಶಿಪ್ ರೊಕ್ಕ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಸಿಮ್ ತಗೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಖಾತೆಗೆ ರೊಕ್ಕ ಹೋಗಿ, ಹುಡುಗ ವರ್ಷವಿಡೀ "ಬಂದಿಲ್ರಿ" ಅಂದದ್ದೂ ಉಂಟು. ಪರೀಕ್ಷೆಗೆ ಮೊದಲೇ ಬ್ಯಾಂಕಿಗೆ ಕಳಿಸಿ ಯಾವ ಖಾತೆ ಜೋಡಣೆಯಾಗಿದೆ ಅಂತ ಕೇಳಿಸುತ್ತೇವೆ.

ಹುಡುಗಿಯರ ವಿಷಯದಲ್ಲಿ ಕೆಲಸ ಕಾಲೇಜಿನ ಗೇಟಿನ ಹೊರಗಿದೆ. ಹುಣಸಗಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಹುಡುಗಿಗೆ ಯಾದಗಿರಿಯಲ್ಲಿ ಪದವಿ ಓದೋ ಆಸೆ. ಮನೆಯಲ್ಲಿ ಸಂಬಂಧ ನೋಡೋ ಮಾತು ನಡೆದಿತ್ತು. ನಾನು ಓದಿನ ಮಹತ್ವದ ಬಗ್ಗೆ ಮಾತು ಕಟ್ಟಿಕೊಂಡು ಹೋಗಿದ್ದೆ. ಅಪ್ಪ ಎಲ್ಲ ಕೇಳಿ, "ಓದ್ಸಾಕ ನಂದೇನ್ ತಕರಾರಿಲ್ರಿ ಮೇಡಂ. ಹುಡುಗಿ ಎಲ್ಲಿರ್ತಾಳ? ರಾತ್ರಿ ಯಾರು ನೋಡ್ಕೋತಾರ? ಅದನ್ನ ಹೇಳ್ರಿ" ಅಂದ. ನಾನು ಮಕ್ಕಳಿಗೆ ಕೇಳೋ ಪ್ರಶ್ನೆಯನ್ನೇ ಅವನು ನನಗೆ ಕೇಳಿದ್ದ. ಬಾಯಿಮಾತಲ್ಲಿ ಉತ್ತರ ಹೇಳಿದರೆ ಸಾಲದು ಅನಿಸಿತು.

ಮುಂದಿನ ಭಾನುವಾರ ಅವ್ವನನ್ನೂ ಮಗಳನ್ನೂ ಬಸ್ ಹತ್ತಿಸಿದೆ. ಶಕ್ತಿ ಯೋಜನೆ ಬಂದ ಮೇಲೆ ಇದೊಂದು ದೊಡ್ಡ ಉಪಕಾರ, ಮೂವರೂ ಆಧಾರ್ ತೋರಿಸಿ ಸೊನ್ನೆ ಟಿಕೆಟ್‌ನಲ್ಲಿ ಹೋದೆವು. ಯಾದಗಿರಿಯ ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್‌ನಲ್ಲಿ ಆ ಅವ್ವ ಓದೋ ಕೋಣೆ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಬಚ್ಚಲಿಗೆ ಹೋದಳು. ಚಿಲಕ ಹಾಕಿ ತೆಗೆದು ನೋಡಿದಳು. ಅಡುಗೆಯವಳ ಹತ್ತಿರ ಒಂದು ರೊಟ್ಟಿ ಕೇಳಿ ಮುರಿದು ತಿಂದಳು. ವಾರ್ಡನ್‌ಗೆ ಒಂದೇ ಪ್ರಶ್ನೆ: "ರಾತ್ರಿ ನೀವು ಇಲ್ಲೇ ಇರ್ತೀರೇನ್ರೀ?" ವಾಪಸ್ ಬರುವಾಗ ದಾರಿಯಲ್ಲೆಲ್ಲ ಸುಮ್ಮನಿದ್ದಳು. ಊರು ಬಂದಾಗ ಇಳಿಯುತ್ತಾ, "ಬಾಗ್ಲಾ ಗಟ್ಟಿ ಅದಾವ" ಅಂದಳು. ಮನೆಯಲ್ಲಿ ಗಂಡನಿಗೂ ಅದನ್ನೇ ಹೇಳಿರಬೇಕು. ಹುಡುಗಿ ಈಗ ಎರಡನೇ ವರ್ಷದ ಬಿ.ಕಾಂ.

ಈಗ ಪ್ರತಿ ವರ್ಷ ನಾಲ್ಕೈದು ಅವ್ವಂದಿರನ್ನ ಹೀಗೆ ಕರಕೊಂಡು ಹೋಗುತ್ತೇನೆ. ಅಪ್ಪಂದಿರಿಗೆ ಹೇಳಿ ಒಪ್ಪಿಸೋದಕ್ಕಿಂತ ಅವ್ವಂದಿರಿಗೆ ತೋರಿಸೋದು ಬೇಗ ಕೆಲಸ ಮಾಡುತ್ತದೆ, ಇದು ನಾನು ಕಂಡದ್ದು. ಹಾಸ್ಟೆಲ್ ಲಿಸ್ಟ್ ಬರೋತನಕದ ದಿನಗಳಿಗೆ ಹಳೇ ವಿದ್ಯಾರ್ಥಿಗಳ ರೂಮು, ಪೇಟೆಯಲ್ಲಿರೋ ನೆಂಟರ ಮನೆ ಹುಡುಕುತ್ತೇವೆ. ಯಾರ ರೂಮಲ್ಲಿ ಎಷ್ಟು ಜನ ಹಿಡಿಸುತ್ತಾರೆ ಅನ್ನೋದು ನನ್ನ ನೋಟ್‌ಬುಕ್‌ನ ಕೊನೇ ಪುಟದಲ್ಲಿದೆ.

ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ ಹುಡುಗ ಒಂದು ವರ್ಷ ತಡವಾಗಿ ಕಲಬುರಗಿಯಲ್ಲಿ ಬಿ.ಎ. ಸೇರಿದ. ಮೊದಲ ಎರಡು ತಿಂಗಳು ಅವನಿದ್ದದ್ದು ನನ್ನ ತಮ್ಮನ ರೂಮಲ್ಲಿ. ಹೋದ ಫೆಬ್ರವರಿಯಲ್ಲಿ ಒಂದು ಶನಿವಾರ ಕಿರಿಯರ ಹತ್ತಿರ ಮಾತಾಡಲು ಅವನನ್ನ ಕರೆಸಿದ್ದೆ. ಬೋರ್ಡ್ ಹತ್ತಿರ ಹೋಗಿ ಚಾಕ್ ತಗೊಂಡು ಬರೆದ: ತಾಟು, ಗ್ಲಾಸು, ಬಕೆಟ್ಟು, ಚಾದರ, ಕೀಲಿ, ಮೂಲ ಕಾಗದ ಹಾಕೋಕೆ ಪ್ಲಾಸ್ಟಿಕ್ ಚೀಲ, ಹತ್ತು ಫೋಟೋ, ಹತ್ತು ಸೆಟ್ ಝೆರಾಕ್ಸ್. ಎಲ್ಲರೂ ತಲೆ ಬಗ್ಗಿಸಿ ನೋಟ್‌ಬುಕ್‌ಗೆ ಇಳಿಸಿಕೊಳ್ಳುತ್ತಿದ್ದರು.

"ಅಣ್ಣಾ, ಕೀಲಿ ಒಂದ್ ಸಾಕೇನು?" ಅಂತ ಒಬ್ಬಳು ಕೇಳಿದಳು.

"ಎರಡು ತಗೋ ತಂಗಿ. ಟ್ರಂಕಿಗೊಂದು, ರೂಮಿಗೊಂದು" ಅಂದು, ಬೋರ್ಡ್ ಮೇಲೆ ಕೀಲಿ ಅನ್ನೋ ಪದದ ಪಕ್ಕ 2 ಅಂತ ಬರೆದ.