ಪರೇಲಿಗೆ ಚಿಕ್ಕಮ್ಮನನ್ನು ಕರೆತರುವ ಮುನ್ನ

ಕುಂದಾಪುರದಿಂದ ಬಂದ ಚಿಕ್ಕಮ್ಮ ನಮ್ಮ ಡೊಂಬಿವಲಿ ಮನೆಯಲ್ಲಿದ್ದಾರೆ, ಮುಂಬೈಯ ಪರೇಲಿನಲ್ಲಿರುವ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ. ಊರಿಂದ ಯಾರೇ ಕೇಳಿದರೂ ನಾನು ಮೊದಲು ಹೇಳುವುದು: ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿ ಫೈಲ್ ಮಾಡಿಸುವಾಗಲೇ ಜನರಲ್ ವಿಭಾಗವೋ ಪ್ರೈವೇಟ್ ವಿಭಾಗವೋ ಅಂತ ಯೋಚಿಸಿ. ಜನರಲ್‌ನಲ್ಲಿ ಖರ್ಚು ಬಹಳ ಕಡಿಮೆ. "ಜನರಲ್ ಅಂದ್ರೆ ಮರ್ಯಾದೆ ಕಡಿಮೆ" ಅನ್ನುವ ಮಾವಂದಿರ ಮಾತು ಸುಮ್ನೆ ಬಿಡಿ, ಬಿಲ್ಲು ಅವರು ಕಟ್ಟಲ್ಲ ಅಲ್ವಾ?

ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಮೂಲಪ್ರತಿಗಳನ್ನೇ ತನ್ನಿ. ಆಸ್ಪತ್ರೆಯ ಸೋಷಿಯಲ್ ವರ್ಕರನ್ನು ಶುರುವಲ್ಲೇ ಕಾಣಿ, ದುಡ್ಡು ಮುಗಿದ ಮೇಲಲ್ಲ. ಉಳಿಯಲು ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ ವಿಚಾರಿಸಿ. ಆಸ್ಪತ್ರೆಯ ಸರ್ಟಿಫಿಕೇಟ್ ಇದ್ದರೆ ರೈಲಿನ ಸ್ಲೀಪರ್, ತ್ರೀ ಎಸಿ ರೋಗಿಗೆ ಉಚಿತ, ಜೊತೆಗಿರುವ ಒಬ್ಬರಿಗೆ ಶೇ. 75 ರಿಯಾಯಿತಿ.

ಕೀಮೋ ನಡುವೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೊರಡಿ.