ಡಿಸ್ಟ್ರಿಕ್ಟ್ ಅಟಾರ್ನಿಯ ದೇಣಿಗೆ ಸುದ್ದಿಯನ್ನು ಓದುವ ಬಗೆ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಊರಿನಿಂದ ಬಂದು ಒಂದೆರಡು ವರ್ಷ ಕಳೆದವರು ನಮ್ಮ ಮನೆಗೆ ಊಟಕ್ಕೆ ಬಂದಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಚುನಾವಣೆ ಹತ್ತಿರವಾದಂತೆ ಸ್ಥಳೀಯ ಪತ್ರಿಕೆಗಳಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿಗೆ ಇಂಥ ವಕೀಲರು ಇಷ್ಟು ಕೊಟ್ಟರು, ಇಂಥ ಪೊಲೀಸ್ ಸಂಘ ಅಷ್ಟು ಕೊಟ್ಟಿತು ಎಂಬ ಸುದ್ದಿಗಳು ಬರತೊಡಗುತ್ತವೆ. ಅದನ್ನು ನೋಡಿದವರು, ಅಪರಾಧಿಗಳ ಮೇಲೆ ಮೊಕದ್ದಮೆ ಹೂಡಬೇಕಾದ ಅಧಿಕಾರಿಯೇ ಹೀಗೆ ರಾಜಾರೋಷವಾಗಿ ದುಡ್ಡು ತೆಗೆದುಕೊಂಡರೆ ಅದು ಲಂಚವಲ್ಲವೇ ಎಂದು ಕೇಳುತ್ತಾರೆ. ಸ್ವಲ್ಪ ಕಾಲ ಇಲ್ಲಿದ್ದು ಒಗ್ಗಿಹೋದವರು ಇದಕ್ಕೆ ತದ್ವಿರುದ್ಧವಾಗಿ, ಈ ದೇಶದಲ್ಲಿ ಅದೆಲ್ಲ ಕಾನೂನುಬದ್ಧ ಎಂದು ಹೇಳಿ ಪುಟ ಮಗುಚುತ್ತಾರೆ. ಇಬ್ಬರೂ ಸುದ್ದಿಯನ್ನು ಅರ್ಧ ಮಾತ್ರ ಓದಿದ್ದಾರೆ ಎಂಬುದು ಸ್ಯಾನ್ ರಮೋನಿನಲ್ಲಿ ಬಹುಕಾಲದಿಂದ ನೆಲೆಸಿ, ಹಲವು ಚುನಾವಣೆಗಳನ್ನು ಕಂಡ ನನ್ನ ಅಭಿಪ್ರಾಯ. ಅಂಥ ಸುದ್ದಿಯನ್ನು ಪೂರ್ತಿಯಾಗಿ ಓದಲು ಏನೇನು ತಿಳಿದಿರಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ ಸರ್ಕಾರಿ ಅಭಿಯೋಜಕರನ್ನು ಸರ್ಕಾರ ನೇಮಿಸುತ್ತದೆ. ನಾವು ಅವರಿಗೆ ಮತ ಹಾಕಿದವರಲ್ಲ, ಹೆಚ್ಚಿನವರಿಗೆ ಅವರ ಹೆಸರೂ ಗೊತ್ತಿರುವುದಿಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಈ ಹುದ್ದೆಗೆ ಚುನಾವಣೆಯಿದೆ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಪ್ರತಿಯೊಂದಕ್ಕೂ ಜನರೇ ಆರಿಸಿದ ಒಬ್ಬ ಡಿಸ್ಟ್ರಿಕ್ಟ್ ಅಟಾರ್ನಿ, ಇಲ್ಲಿಯವರ ಬಾಯಲ್ಲಿ ಡಿ.ಎ., ಇರುತ್ತಾರೆ. ನ್ಯೂ ಜೆರ್ಸಿಯಲ್ಲಿರುವ ನಿಮ್ಮ ನೆಂಟರಿಗೆ ಇದು ಅನ್ವಯಿಸುವುದಿಲ್ಲ, ಅಲ್ಲಿ ಕೌಂಟಿ ಪ್ರಾಸಿಕ್ಯೂಟರನ್ನು ಗವರ್ನರ್ ನೇಮಿಸುತ್ತಾರೆ. ನಿಮ್ಮ ಮನೆಗೆ ಕಳ್ಳರು ನುಗ್ಗಿ ಚಿನ್ನ ಕದ್ದೊಯ್ದರೆ, ಕುಡಿದು ಗಾಡಿ ಓಡಿಸಿದವನು ನಿಮ್ಮ ಕಾರಿಗೆ ಗುದ್ದಿದರೆ, ಗಂಡನ ಹೊಡೆತ ತಾಳಲಾರದೆ ಒಬ್ಬಳು 911ಕ್ಕೆ ಕರೆ ಮಾಡಿದರೆ, ಪೊಲೀಸರು ಬಂಧಿಸಬಹುದು. ಆದರೆ ಆರೋಪ ಹೊರಿಸಬೇಕೇ, ಯಾವ ಆರೋಪ, ರಾಜಿಗೆ ಒಪ್ಪಬೇಕೇ ಎಂಬುದನ್ನು ತೀರ್ಮಾನಿಸುವುದು ಡಿ.ಎ. ಕಚೇರಿ. ಆರೋಪ ಹೊರಿಸದೆ ಬಿಟ್ಟ ಪ್ರಕರಣವನ್ನು ಯಾವ ನ್ಯಾಯಾಧೀಶರೂ ನೋಡುವುದಿಲ್ಲ. ಇಷ್ಟು ಅಧಿಕಾರವುಳ್ಳವರು ಮತ ಕೇಳಬೇಕಾದರೆ ಪ್ರಚಾರ ಮಾಡಬೇಕು, ಪ್ರಚಾರಕ್ಕೆ ಹಣ ಬೇಕು, ಹಣ ಕೊಡುವವರಲ್ಲಿ ಆ ಕಚೇರಿಯ ಮುಂದೆ ನಿಲ್ಲುವ ವಕೀಲರೂ ಪೊಲೀಸ್ ಸಂಘಗಳೂ ಇರುತ್ತಾರೆ. ಪತ್ರಿಕೆಗಳು ಇದರ ಬೆನ್ನು ಹತ್ತುವುದು ಈ ಕಾರಣಕ್ಕೆ.

ಇಂಥ ವರದಿಗಳ ಬೇರು ಬಹುಮಟ್ಟಿಗೆ ಒಂದೇ ಕಡೆ ಇರುತ್ತದೆ, ಅದು 460 ಎಂಬ ಸಂಖ್ಯೆಯ ನಮೂನೆ. ಅಭ್ಯರ್ಥಿಯ ಸಮಿತಿ ಜೂನ್ 30ರವರೆಗಿನ ಲೆಕ್ಕವನ್ನು ಜುಲೈ 31ರೊಳಗೆ, ಡಿಸೆಂಬರ್ 31ರವರೆಗಿನದನ್ನು ಜನವರಿ 31ರೊಳಗೆ ಕೌಂಟಿಯ ಚುನಾವಣಾ ಕಚೇರಿಗೆ ಸಲ್ಲಿಸಬೇಕು. ಚುನಾವಣೆಗೆ ಮುಂಚೆ ಇನ್ನೂ ಕೆಲವು ಲೆಕ್ಕಗಳಿವೆ. ಒಂದು ಸಲವಾದರೂ ಇದನ್ನು ತೆರೆದು ನೋಡಿ. ಎ ಷೆಡ್ಯೂಲಿನಲ್ಲಿ ಬಂದ ಹಣ, ಇ ಷೆಡ್ಯೂಲಿನಲ್ಲಿ ಹೋದ ಹಣ. ಒಟ್ಟು 100 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟ ಪ್ರತಿಯೊಬ್ಬರಿಗೂ ಒಂದು ಸಾಲು: ಹಣ ಬಂದ ದಿನಾಂಕ, ಹೆಸರು, ಊರು, ಉದ್ಯೋಗ, ಕೆಲಸ ಮಾಡುವ ಸಂಸ್ಥೆ, ಮೊತ್ತ. ಉದ್ಯೋಗದ ಅಂಕಣವನ್ನು ಖಾಲಿ ಬಿಟ್ಟ ದೇಣಿಗೆಯನ್ನು, ವಿವರ ಸಿಗದಿದ್ದರೆ, 60 ದಿನಗಳೊಳಗೆ ಹಿಂದಿರುಗಿಸಬೇಕೆಂಬ ನಿಯಮವಿದೆ. 100 ಡಾಲರ್ ಅಥವಾ ಹೆಚ್ಚಿನ ದೇಣಿಗೆಯನ್ನು ನಗದಾಗಿ ಪಡೆಯುವಂತಿಲ್ಲ. ಚುನಾವಣೆಗೆ ಮುಂಚಿನ 90 ದಿನಗಳಲ್ಲಿ ಒಬ್ಬರಿಂದಲೇ 1,000 ಡಾಲರ್ ಅಥವಾ ಹೆಚ್ಚು ಬಂದರೆ 24 ಗಂಟೆಯೊಳಗೆ 497 ಎಂಬ ಇನ್ನೊಂದು ನಮೂನೆಯಲ್ಲಿ ತಿಳಿಸಬೇಕು. ಕೊನೆಯ ವಾರಗಳಲ್ಲಿ ಪತ್ರಿಕೆಗಳಿಗೆ ದಿನಕ್ಕೊಂದು ಸುದ್ದಿ ಸಿಗುವುದು ಇದರಿಂದಲೇ. ಕೌಂಟಿ ತನ್ನದೇ ಮಿತಿ ಗೊತ್ತುಪಡಿಸದಿದ್ದರೆ 2021ರಿಂದ ರಾಜ್ಯದ ಮಿತಿ ಅನ್ವಯಿಸುತ್ತದೆ. 2025–26ರ ಅವಧಿಗೆ ಅದು ಒಬ್ಬರಿಂದ ಒಂದು ಚುನಾವಣೆಗೆ 5,900 ಡಾಲರ್. ಭಾರತದಲ್ಲಿ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಗೊಳಿಸುವವರೆಗೂ ಯಾರು ಯಾರಿಗೆ ಕೊಟ್ಟರು ಎಂಬುದು ಮತದಾರನ ಕಣ್ಣಿಗೆ ಬೀಳುತ್ತಿರಲಿಲ್ಲ. ಅದನ್ನು ಕಂಡು ಬಂದ ನಮಗೆ, ಮನೆಯಲ್ಲಿ ಕೂತು ಓದಬಹುದಾದ ಈ ಪಟ್ಟಿಯ ಬೆಲೆ ಹೆಚ್ಚು ತಿಳಿಯಬೇಕು.

ನಮ್ಮ ಕಾಂಟ್ರಾ ಕೋಸ್ಟಾ ಕೌಂಟಿಯಲ್ಲೇ ನಡೆದದ್ದನ್ನು ಹೇಳುತ್ತೇನೆ. 2010ರಲ್ಲಿ ಆಯ್ಕೆಯಾದ ಡಿ.ಎ. ಮಾರ್ಕ್ ಪೀಟರ್ಸನ್ ತಮ್ಮ ಪ್ರಚಾರ ಸಮಿತಿಗೆ ತಾವೇ ಖಜಾಂಚಿಯಾಗಿದ್ದರು. ಐದು ವರ್ಷಗಳ ಅವಧಿಯಲ್ಲಿ ದಾನಿಗಳು ಕೊಟ್ಟ ಹಣದಲ್ಲಿ 66,000 ಡಾಲರಿಗೂ ಹೆಚ್ಚನ್ನು ಊಟ, ಸಿನಿಮಾ ಟಿಕೆಟ್, ಬಟ್ಟೆ, ಹೋಟೆಲ್ ಕೋಣೆಗಳಂಥ ಸ್ವಂತ ಖರ್ಚಿಗೆ ಬಳಸಿ, ಅದನ್ನು ಲೆಕ್ಕದಲ್ಲಿ ತೋರಿಸಲಿಲ್ಲ. ಪ್ರಚಾರದ ಹಣದ ಮೇಲೆ ಕಣ್ಣಿಡುವ ರಾಜ್ಯದ ಆಯೋಗವಾದ ಫೇರ್ ಪೊಲಿಟಿಕಲ್ ಪ್ರಾಕ್ಟೀಸಸ್ ಕಮಿಷನ್, ಅಂದರೆ ಎಫ್.ಪಿ.ಪಿ.ಸಿ., ಅವರಿಗೆ 45,000 ಡಾಲರ್ ದಂಡ ವಿಧಿಸಿತು. ದಂಡ ಕಟ್ಟಿದ ಮೇಲೂ ಅವರು ಕುರ್ಚಿ ಬಿಡಲಿಲ್ಲ. ಪತ್ರಿಕೆಗಳು ವಾರಗಟ್ಟಲೆ ಬರೆದವು, ಕೌಂಟಿಯ ಆಡಳಿತವನ್ನು ಪರಿಶೀಲಿಸುವ ನಾಗರಿಕರ ಮಂಡಳಿಯಾದ ಸಿವಿಲ್ ಗ್ರ್ಯಾಂಡ್ ಜ್ಯೂರಿ ಅವರನ್ನು ಹುದ್ದೆಯಿಂದ ತೆಗೆಯಲು ಆರೋಪಪಟ್ಟಿ ಹೊರಡಿಸಿತು, ಕೊನೆಗೆ 2017ರ ಜೂನ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ 13 ಗಂಭೀರ ಆರೋಪಗಳನ್ನು ಹೊರಿಸಿದರು. ಅದೇ ಹೊತ್ತಿಗೆ ಅವರು ರಾಜೀನಾಮೆ ಕೊಟ್ಟು, ಸುಳ್ಳು ಪ್ರಮಾಣದ ಒಂದು ಆರೋಪವನ್ನು ತಾವು ಪ್ರತಿವಾದಿಸುವುದಿಲ್ಲವೆಂದು ಒಪ್ಪಿಕೊಂಡರು. ಇಲ್ಲಿ ಯಾರೂ ಯಾರಿಗೂ ಲಂಚ ಕೊಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ತಪ್ಪು ನಡೆದದ್ದು ಇ ಷೆಡ್ಯೂಲಿನಲ್ಲಿ, ಹಣ ಹೋದ ದಾರಿಯಲ್ಲಿ. ಹೊಸಬರು ಸಾಮಾನ್ಯವಾಗಿ ಎ ಷೆಡ್ಯೂಲನ್ನು ಮಾತ್ರ ನೋಡುತ್ತಾರೆ.

ಎ ಷೆಡ್ಯೂಲಿನಲ್ಲಿ ನೋಡಬೇಕಾದದ್ದು ಮೊತ್ತಕ್ಕಿಂತ ಮೊದಲು ದಿನಾಂಕ. ಇದಕ್ಕೆ ಮ್ಯಾನ್‌ಹಾಟನ್ನಿನ ಉದಾಹರಣೆಗಿಂತ ಸ್ಪಷ್ಟವಾದದ್ದು ನನಗೆ ತಿಳಿದಿಲ್ಲ. 2012ರಲ್ಲಿ ಅಲ್ಲಿನ ಡಿ.ಎ. ಸೈರಸ್ ವ್ಯಾನ್ಸ್ ಅವರ ಕಚೇರಿ, ಟ್ರಂಪ್ ಸೋಹೋ ಕಟ್ಟಡದ ಮನೆಗಳ ಮಾರಾಟಕ್ಕೆ ಸಂಬಂಧಿಸಿ ಇವಾಂಕಾ ಟ್ರಂಪ್ ಮತ್ತು ಡೊನಾಲ್ಡ್ ಟ್ರಂಪ್ ಜೂನಿಯರ್ ಅವರ ವಿಚಾರವಾಗಿ ನಡೆಸುತ್ತಿದ್ದ ತನಿಖೆಯನ್ನು ಆರೋಪ ಹೊರಿಸದೆ ಮುಗಿಸಿತು. 2017ರ ಅಕ್ಟೋಬರಿನಲ್ಲಿ ತನಿಖಾ ಸುದ್ದಿಸಂಸ್ಥೆ ಪ್ರೊಪಬ್ಲಿಕಾ, ನ್ಯೂ ಯಾರ್ಕಿನ ರೇಡಿಯೋ ಕೇಂದ್ರ ಡಬ್ಲ್ಯೂ.ಎನ್.ವೈ.ಸಿ. ಮತ್ತು ನ್ಯೂಯಾರ್ಕರ್ ಪತ್ರಿಕೆ ಒಟ್ಟಾಗಿ ಪ್ರಕಟಿಸಿದ ವರದಿ ಮೂರು ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿತು. ಟ್ರಂಪ್ ಅವರ ವಕೀಲ ಮಾರ್ಕ್ ಕ್ಯಾಸೋವಿಟ್ಜ್ ಹಿಂದೆಯೇ ಕೊಟ್ಟಿದ್ದ 25,000 ಡಾಲರನ್ನು ವ್ಯಾನ್ಸ್ ಆ ವಕೀಲರನ್ನು ಭೇಟಿಯಾಗುವ ಮುನ್ನ ಹಿಂದಿರುಗಿಸಿದ್ದರು. ಆಮೇಲೆ ತನಿಖೆ ಮುಗಿಯಿತು. ಅದಾಗಿ ಕೆಲವು ತಿಂಗಳಲ್ಲಿ ಅದೇ ವಕೀಲರು ತಾವೂ ಕೊಟ್ಟು ಇತರರಿಂದಲೂ ಎತ್ತಿಸಿ, ಒಟ್ಟು 50,000 ಡಾಲರಿಗೂ ಹೆಚ್ಚು ಒದಗಿಸಿದರು. ದೇಣಿಗೆಗೂ ತೀರ್ಮಾನಕ್ಕೂ ಸಂಬಂಧವಿಲ್ಲವೆಂದು ವ್ಯಾನ್ಸ್ ಹೇಳಿದರು, ಹಣ ಹಿಂದಿರುಗಿಸುವುದಾಗಿಯೂ ಹೇಳಿದರು. ಕೊಡು-ಕೊಳ್ಳುವಿಕೆ ನಡೆಯಿತೆಂದು ಯಾರೂ ಸಾಬೀತು ಮಾಡಲಿಲ್ಲ. ಆದರೂ ತಮ್ಮ ದೇಣಿಗೆ ಪದ್ಧತಿಯನ್ನು ಪರಿಶೀಲಿಸಲು ಅವರು ಕೊಲಂಬಿಯಾ ಕಾನೂನು ಕಾಲೇಜಿನ ಒಂದು ಕೇಂದ್ರವನ್ನು ಕೋರಬೇಕಾಯಿತು, 2018ರ ಜನವರಿಯಲ್ಲಿ ಅದರ ವರದಿ ಬಂತು.

ಪ್ರೊಪಬ್ಲಿಕಾ ಮತ್ತು ಸಂಗಡಿಗರ ಆ ಪತ್ರಿಕಾ ವರದಿಯಲ್ಲಿ ನಾನು ಮೆಚ್ಚುವುದು ಅದರ ಭಾಷೆಯ ಸಂಯಮವನ್ನು. ಹಣ ಕೊಟ್ಟದ್ದರಿಂದ ಕೇಸು ಮುಚ್ಚಿತು ಎಂದು ಅದು ಎಲ್ಲಿಯೂ ಹೇಳಲಿಲ್ಲ. ಯಾವುದರ ನಂತರ ಯಾವುದು ನಡೆಯಿತು ಎಂದು ಹೇಳಿ, ಸಂಬಂಧಪಟ್ಟವರ ಉತ್ತರವನ್ನೂ ಕೊಟ್ಟಿತು. ಒಳ್ಳೆಯ ವರದಿಗಾರರು "ನಂತರ" ಎಂಬ ಪದವನ್ನು ಬಳಸಿದ ಕಡೆ ಓದುಗರು "ಆದ್ದರಿಂದ" ಎಂದು ಓದಿಕೊಳ್ಳುವುದು, ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಹಾಗೆಯೇ ಕನ್ನಡಕ್ಕೆ ತಿರುಗಿಸಿ ಹಾಕುವುದು ನಮ್ಮಲ್ಲಿ ಬಹಳ ನಡೆಯುತ್ತಿದೆ. ಇದರಿಂದ ನಿಜವಾದ ಪ್ರಶ್ನೆ ಮಸುಕಾಗುತ್ತದೆ: ತನ್ನ ಮುಂದೆ ಕಕ್ಷಿದಾರರ ಪರ ನಿಲ್ಲುವ ವಕೀಲರಿಂದ ಅಭಿಯೋಜಕರು ಹಣ ಪಡೆಯಲು ಕಾನೂನು ಬಿಡಬೇಕೇ? ನನ್ನ ಉತ್ತರ, ಬಿಡಬಾರದು ಎಂಬುದು. ಆದರೆ ಇಂದು ಬಿಟ್ಟಿರುವುದನ್ನು ಅಪರಾಧವೆಂದು ಕರೆಯುವುದು ಸುಳ್ಳಾಗುತ್ತದೆ.

ಪೊಲೀಸ್ ಸಂಘಗಳ ದೇಣಿಗೆಯೂ ಇದೇ ಜಾತಿಯ ಪ್ರಶ್ನೆ. ಪೊಲೀಸರು ಗುಂಡು ಹಾರಿಸಿ ಯಾರಾದರೂ ಸತ್ತರೆ ಆ ಪೊಲೀಸರ ಮೇಲೆ ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವವರು ಡಿ.ಎ.; ಆರೋಪ ಬಂದರೆ ಪೊಲೀಸರ ಪರ ವಕೀಲರನ್ನು ಒದಗಿಸುವುದು ಸಂಘ. 2020ರ ಜೂನ್‌ನಲ್ಲಿ ಆಗ ಡಿ.ಎ.ಗಳಾಗಿದ್ದ ನಮ್ಮ ಕೌಂಟಿಯ ಡಯಾನಾ ಬೆಕ್ಟನ್, ಸ್ಯಾನ್ ಫ್ರಾನ್ಸಿಸ್ಕೋದ ಚೆಸಾ ಬೌಡಿನ್, ಸ್ಯಾನ್ ವಾಕೀನಿನ ಟೋರಿ ವರ್ಬರ್ ಸಲಾಜಾರ್, ಆಗ ಲಾಸ್ ಏಂಜಲೀಸಿನಲ್ಲಿ ಅಭ್ಯರ್ಥಿಯಾಗಿದ್ದ ಜಾರ್ಜ್ ಗ್ಯಾಸ್ಕೋನ್ ಸೇರಿ, ಅಭಿಯೋಜಕರು ಪೊಲೀಸ್ ಸಂಘಗಳಿಂದ ಹಣ ಪಡೆಯುವುದನ್ನು ನಿಷೇಧಿಸಬೇಕೆಂದು ರಾಜ್ಯದ ವಕೀಲರ ಪರಿಷತ್ತಾದ ಸ್ಟೇಟ್ ಬಾರನ್ನು ಕೋರಿದರು. ಅದೇ ವರ್ಷ ಲಾಸ್ ಏಂಜಲೀಸಿನ ಚುನಾವಣೆಯಲ್ಲಿ ಪೊಲೀಸ್ ಸಂಘಗಳು ಆಗಿನ ಡಿ.ಎ. ಜ್ಯಾಕಿ ಲೇಸಿಯವರ ಪರವಾಗಿಯೂ ಹೂಡಿಕೆದಾರ ಜಾರ್ಜ್ ಸೊರೊಸ್ ಗ್ಯಾಸ್ಕೋನ್ ಅವರ ಪರವಾಗಿಯೂ ದೊಡ್ಡ ಮೊತ್ತ ಸುರಿದರು. ಒಂದು ಕಡೆಯ ದಾನಿಯನ್ನು ಮಾತ್ರ ಹೆಸರಿಸುವ ವರದಿ ಕಂಡರೆ, ಇನ್ನೊಂದು ಕಡೆಯ ಪಟ್ಟಿಯನ್ನು ನೀವೇ ತೆರೆದು ನೋಡಿ.

ಅಷ್ಟು ದೊಡ್ಡ ಮೊತ್ತ ಮಿತಿಯನ್ನು ದಾಟಿ ಬಂದದ್ದು ಹೇಗೆಂದರೆ, ಅದು ಅಭ್ಯರ್ಥಿಯ ಖಾತೆಗೆ ಬರಲಿಲ್ಲ. ಅಭ್ಯರ್ಥಿಯೊಂದಿಗೆ ಮಾತುಕತೆ ಇಲ್ಲದೆ ತಾವೇ ಪ್ರಚಾರ ಮಾಡುವ ಸ್ವತಂತ್ರ ಸಮಿತಿಗಳಿಗೆ ದೇಣಿಗೆಯ ಮಿತಿಯಿಲ್ಲ. ಅಧಿಕಾರದಲ್ಲಿರುವವರನ್ನು ನಡುವೆಯೇ ಇಳಿಸುವ ರಿಕಾಲ್ ಸಮಿತಿಗಳಿಗೂ ಇಲ್ಲ. 2022ರ ಜೂನ್‌ನಲ್ಲಿ ಬೌಡಿನ್ ಅವರನ್ನು ಸುಮಾರು 55 ಶೇಕಡಾ ಮತಗಳಿಂದ ಇಳಿಸಿದ ರಿಕಾಲ್ ಪರವಾಗಿ 70 ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹವಾಗಿತ್ತು. 2024ರ ನವೆಂಬರಿನಲ್ಲಿ ಅಲಮೇಡಾ ಕೌಂಟಿಯ ಪಮೇಲಾ ಪ್ರೈಸ್ ಅವರನ್ನೂ ರಿಕಾಲ್ ಮೂಲಕ ಇಳಿಸಲಾಯಿತು. ಡಬ್ಲಿನ್, ಫ್ರೀಮಾಂಟ್, ಪ್ಲೆಸೆಂಟನ್ನಿನ ಕನ್ನಡಿಗರು ಮತ ಹಾಕಿದ್ದು ಈ ಚುನಾವಣೆಯಲ್ಲೇ. ಅಂಚೆಯಲ್ಲಿ ಬರುವ ಹೊಳೆಯುವ ಕರಪತ್ರದ ಕೆಳಗಡೆ ಸಣ್ಣ ಅಕ್ಷರದಲ್ಲಿ ಹಣ ಕೊಟ್ಟ ಸಮಿತಿಯ ಹೆಸರು ಇರುತ್ತದೆ. ಆ ಹೆಸರುಗಳಲ್ಲಿ ಸುರಕ್ಷೆ, ನೆರೆಹೊರೆ, ಕುಟುಂಬ ಇಂಥ ಪದಗಳೇ ಇರುವುದರಿಂದ ಹೆಸರಿನಿಂದ ಏನೂ ತಿಳಿಯುವುದಿಲ್ಲ. ದೊಡ್ಡ ದಾನಿಗಳ ಹೆಸರನ್ನೂ ಅಲ್ಲಿ ಮುದ್ರಿಸಬೇಕಾಗಿರುವುದರಿಂದ ಅದನ್ನೇ ಓದಿ.

ಇನ್ನು ನಮಗೆ ನೇರವಾಗಿ ತಟ್ಟುವ ವಿಷಯ. ಕೆಲವು ವರ್ಷಗಳ ಹಿಂದೆ ಪರಿಚಯದ ಮನೆಯೊಂದರಲ್ಲಿ ಅಭ್ಯರ್ಥಿಯೊಬ್ಬರಿಗಾಗಿ ಊಟದ ಕೂಟವಿತ್ತು. ಬಾಗಿಲಲ್ಲಿ ಒಂದು ಐಪ್ಯಾಡ್ ಇಟ್ಟು, ಬಂದವರಿಂದ ತಲಾ 250 ಡಾಲರ್ ಕಾರ್ಡಿನಲ್ಲಿ ಪಡೆಯುತ್ತಿದ್ದರು. ನನ್ನ ಮುಂದೆ ನಿಂತಿದ್ದ ಯುವಕ ಆಗಷ್ಟೇ ಎಚ್-1ಬಿ ವೀಸಾದಲ್ಲಿ ಬಂದವನು; ಆತಿಥೇಯರಿಗೆ ಇಲ್ಲವೆನ್ನಲಾರದೆ ಕಾರ್ಡ್ ತೆಗೆದಿದ್ದ. ನಾನು ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಅಮೆರಿಕದ ಪೌರರಲ್ಲದವರು, ಗ್ರೀನ್ ಕಾರ್ಡ್ ಇಲ್ಲದಿದ್ದರೆ, ಇಲ್ಲಿನ ಯಾವ ಚುನಾವಣೆಗೂ ಒಂದು ಡಾಲರನ್ನೂ ಕೊಡುವಂತಿಲ್ಲ: ಅಧ್ಯಕ್ಷರ ಚುನಾವಣೆಗೂ ಇಲ್ಲ, ಶಾಲಾ ಮಂಡಳಿಗೂ ಇಲ್ಲ, ಡಿ.ಎ.ಗೂ ಇಲ್ಲ. ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಊಟದ ಟಿಕೆಟ್ಟೂ ದೇಣಿಗೆಯೇ. ಗ್ರೀನ್ ಕಾರ್ಡ್ ಇರುವ ಗೆಳೆಯನ ಹೆಸರಿನಲ್ಲಿ ಕೊಟ್ಟು ಆಮೇಲೆ ಅವನಿಗೆ ಹಣ ಹಿಂದಿರುಗಿಸುವುದು ಇನ್ನೂ ದೊಡ್ಡ ತಪ್ಪು, ಅದನ್ನು ಬೇರೆಯವರ ಹೆಸರಿನ ದೇಣಿಗೆ ಎನ್ನುತ್ತಾರೆ. ಸಂಬಳ ಪಡೆಯದೆ ಕರಪತ್ರ ಹಂಚುವುದಕ್ಕೆ, ಫೋನ್ ಮಾಡುವುದಕ್ಕೆ, ಸಭೆಗೆ ಹೋಗಿ ಪ್ರಶ್ನೆ ಕೇಳುವುದಕ್ಕೆ ಅಡ್ಡಿಯಿಲ್ಲ. ಆ ಯುವಕ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಸ್ವಲ್ಪ ಮುಜುಗರದಿಂದಲೇ ಮನೆಗೆ ಹೋದ. ಆತಿಥೇಯರಿಗೆ ಬೇಸರವಾಯಿತು, ಆದರೆ ವೀಸಾದ ಅರ್ಜಿ ತುಂಬುವವನು ಆ ಯುವಕನೇ ಹೊರತು ಅವರಲ್ಲ.

ನಮ್ಮ ಕನ್ನಡ ಕೂಟಗಳಿಗೂ ಇಲ್ಲಿ ಒಂದು ಎಚ್ಚರಿಕೆ ಬೇಕು. ರಾಜ್ಯೋತ್ಸವದ ವೇದಿಕೆಗೆ ಅಭ್ಯರ್ಥಿಯನ್ನು ಕರೆದು, ಶಾಲು ಹೊದಿಸಿ ಮೈಸೂರು ಪೇಟ ತೊಡಿಸುವುದು ನಮ್ಮ ಮಟ್ಟಿಗೆ ಅತಿಥಿ ಸತ್ಕಾರ. ಆ ಫೋಟೋ ಮರುದಿನ ಪ್ರಚಾರದ ಪುಟದಲ್ಲಿ ಕಾಣಿಸಿಕೊಂಡಾಗ ಅದು ಬೆಂಬಲದ ಘೋಷಣೆಯಂತೆ ಓದಿಸಿಕೊಳ್ಳುತ್ತದೆ. 501(ಸಿ)(3) ವರ್ಗದಲ್ಲಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವಂತಿಲ್ಲ, ವಿರೋಧಿಸುವಂತಿಲ್ಲ, ಹಣ ಕೊಡುವಂತಿಲ್ಲ. ಕರೆಯುವುದಾದರೆ ಎಲ್ಲ ಅಭ್ಯರ್ಥಿಗಳನ್ನೂ ಕರೆಯಿರಿ, ವೇದಿಕೆಯಲ್ಲಿ ಚಂದಾ ಎತ್ತಲು ಬಿಡಬೇಡಿ. ಪದಾಧಿಕಾರಿಗಳು ಸ್ವಂತ ಹಣ ಕೊಡುವುದು ಅವರ ಹಕ್ಕು. ಆಗಲೂ ಉದ್ಯೋಗದ ಅಂಕಣದಲ್ಲಿ ತಮ್ಮ ಕೆಲಸದ ಹೆಸರನ್ನು ಬರೆಯಬೇಕು, ಕೂಟದ ಹುದ್ದೆಯನ್ನಲ್ಲ. ಆ ಸಾಲನ್ನು ಮುಂದೆ ಒಬ್ಬ ವರದಿಗಾರ ಓದುತ್ತಾನೆಂಬುದು ನೆನಪಿನಲ್ಲಿರಲಿ.

ರಾಜ್ಯದ ಹೊಸ ಕಾನೂನಿನಂತೆ ಡಿ.ಎ. ಚುನಾವಣೆಗಳು ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ ಹೊಂದಿಕೊಂಡಿರುವುದರಿಂದ, 2022ರಲ್ಲಿ ಗೆದ್ದ ಬಹುತೇಕರಿಗೆ ಆರು ವರ್ಷಗಳ ಅವಧಿ ಸಿಕ್ಕಿದೆ, ಅವರ ಮುಂದಿನ ಚುನಾವಣೆ 2028ರಲ್ಲಿ. ನಡುವೆಯೂ ಲೆಕ್ಕಗಳು ಸಲ್ಲಿಕೆಯಾಗುತ್ತಲೇ ಇರುತ್ತವೆ. ಮುಂದಿನ ಜುಲೈ 31 ಅಥವಾ ಜನವರಿ 31 ಕಳೆದ ಮೇಲೆ ಒಂದು ಸಂಜೆ ನಿಮ್ಮ ಕೌಂಟಿಯ ಚುನಾವಣಾ ಕಚೇರಿಯ ತಾಣಕ್ಕೆ ಹೋಗಿ, ನಿಮ್ಮ ಡಿ.ಎ. ಹೆಸರಿನ 460ನ್ನು ತೆರೆದು, ಮೊದಲು ಉದ್ಯೋಗದ ಅಂಕಣವನ್ನು, ಆಮೇಲೆ ದಿನಾಂಕಗಳನ್ನು, ಕೊನೆಗೆ ಇ ಷೆಡ್ಯೂಲನ್ನು ನೋಡಿ. ಓದುವಾಗ ಎಲ್ಲಾದರೂ ತಡೆದರೆ ನನ್ನನ್ನು ಕೇಳಿ, ಜೊತೆಯಲ್ಲಿ ಕೂತು ಓದೋಣ.